ನಿಮ್ಮಪ್ಪ ನೈಟಾ?

ಜನವರಿ 12, 2025, ಭಾನುವಾರ, ಭದ್ರಾವತಿ

ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಅಪ್ಪ ಜಗಲಿಯಲ್ಲಿ ಕೂತಿದ್ದರು. ‘ನಿದ್ದೆ ಬರ್ಲಿಲ್ವಾ ಅಪ್ಪ?’ ಅಂದೆ. ‘ಈ ಹೊತ್ತಿಗೆ ಟೀ ಬರ್ತಿತ್ತು’ ಅಂದರು. ರಿಟೈರಾಗಿ ಹದಿನಾಲ್ಕು ವರ್ಷವಾಯಿತು, ಮೈ ಮಾತ್ರ ಇನ್ನೂ ಪಾಳಿ ಬಿಟ್ಟಿಲ್ಲ.

ಅಪ್ಪ ದುಡಿದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲು ಬರುವುದಿಲ್ಲ. ಒಳಗೆ ಕರಗಿದ್ದೆಲ್ಲ ಹೆಪ್ಪುಗಟ್ಟಿ ಕೂತುಬಿಡುತ್ತದೆ. 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದ ಇಲ್ಲಿ ಕಬ್ಬಿಣ ಕರಗತೊಡಗಿದಾಗಲೇ ಈ ಊರಿನ ನಿದ್ದೆಯೂ ಪಾಳಿಗೆ ಹಂಚಿಹೋಗಿರಬೇಕು. ಬೆಂಕಿಪುರ ಅನ್ನುವ ಹಳೆಯ ಹೆಸರು ಕಾರ್ಖಾನೆಗಿಂತ ಮೊದಲಿನದು. ಹೆಸರಿಟ್ಟವರಿಗೆ ಏನು ಗೊತ್ತಿತ್ತೋ!

ಅಪ್ಪ ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಸಿ, ಮಿಂದು, ಗಂಜಿ ಉಂಡು ಮಲಗಿದರೆ ಅಮ್ಮ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದಳು. ನಲ್ಲಿಯ ಕೆಳಗಿನ ಬಕೆಟ್ಟಿಗೆ ಹಳೇ ಬಟ್ಟೆ, ಹನಿ ಬಿದ್ದ ಸದ್ದಾಗಬಾರದೆಂದು. ರಾತ್ರಿ ಪಾಳಿಯ ವಾರವಿಡೀ ಕುಕ್ಕರ್ ಇಲ್ಲ, ಅನ್ನ ಬಸಿದೇ ಮಾಡುವುದು. ಸೊಪ್ಪಿನವಳು ನಮ್ಮ ಸಾಲಿಗೆ ಬಂದೊಡನೆ ದನಿ ತಗ್ಗಿಸುತ್ತಿದ್ದಳು. ಕ್ವಾಟ್ರಸ್ಸಿನ ಹುಡುಗರು ಬ್ಯಾಟು ಹಿಡಿದು ಬಂದರೆ ಮೊದಲ ಪ್ರಶ್ನೆಯೇ, ‘ನಿಮ್ಮಪ್ಪ ನೈಟಾ?’ ಹೌದೆಂದರೆ ಆಟ ಮುಂದಿನ ಸಾಲಿಗೆ ಹೋಗುತ್ತಿತ್ತು. ಅಲ್ಲೂ ಯಾರದೋ ಅಪ್ಪ ನೈಟಿದ್ದರೆ ಅದರಾಚೆ.

ಜನವರಿ 13, ಸೋಮವಾರ, ಶಿವಮೊಗ್ಗ

ಆಫೀಸು ಮುಗಿಸಿ ಧ್ಯಾನದ ಕ್ಲಾಸಿಗೆ ಹೋದೆ, ಮೂರನೇ ದಿನ. ‘ಎಲ್ಲಾ ಬಿಟ್ಟುಬಿಡಿ’ ಅಂದರು. ಅಷ್ಟರಲ್ಲಿ ಬ್ಯಾಗಿನೊಳಗೆ ಫೋನು ಗುರ್ರ್ ಅಂದಿತು. ನಾನು ಬಿಟ್ಟರೂ ಅದು ಬಿಡಬೇಕಲ್ಲ!

ಅಪ್ಪನ ಬಿಡುವಿಗಾದರೋ ಕಾನೂನಿತ್ತು: ಐದು ಗಂಟೆ ದುಡಿಯುವಷ್ಟರಲ್ಲಿ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು. ಅಪ್ಪನಿಗೆ ಅದು ಬಾಯಿಪಾಠ. ಆದರೆ ಸೊಪ್ಪಿನವಳು ಮೆಲ್ಲಗೆ ಕೂಗಬೇಕೆಂದು ಯಾವ ಕಾಯ್ದೆಯಲ್ಲಿತ್ತು? ಅಪ್ಪನ ನಿದ್ದೆಯನ್ನು ಇಡೀ ಸಾಲು ಕಾಯುತ್ತಿತ್ತು. ನಾನು ನೆಮ್ಮದಿಯನ್ನು ಒಬ್ಬಳೇ, ಫೀಸು ಕಟ್ಟಿ, ಕಣ್ಣು ಮುಚ್ಚಿ ಹುಡುಕುತ್ತಿದ್ದೇನೆ. ಇಷ್ಟು ಬರೆಯುವಾಗಲೂ ಎರಡು ಸಲ ಫೋನು ನೋಡಿದೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಕೂಡ್ಲಿ. ನಾನು ತುಂಗೆಯ ಊರಿನಿಂದ, ಅಪ್ಪ ಭದ್ರೆಯ ಊರಿನಿಂದ ಹೊಳೆಹೊನ್ನೂರಿನ ಮೇಲೆ. ಎರಡು ಹೊಳೆ ಸೇರುವಲ್ಲಿ ನಾವಿಬ್ಬರೂ ಸೇರಿದ್ದು ಅಪ್ಪನಿಗೆ ಭಾರೀ ತಮಾಷೆ; ಬಂದವರಿಗೆಲ್ಲ ಹೇಳಿದರು. ಕಿಕ್ಕಿರಿದ ಜನ. ಅಪ್ಪ ಮಿಂದು, ಬುತ್ತಿ ಉಂಡು, ದೇವಸ್ಥಾನದ ಹತ್ತಿರ ಮರದ ನೆರಳಿಗೆ ಟವೆಲ್ ಹಾಸಿ ಒರಗಿದವರು ಹಾಗೇ ನಿದ್ದೆ ಹೋದರು. ಗಂಟೆ, ಮೈಕು, ಮಕ್ಕಳ ಕೂಗು, ಯಾವುದಕ್ಕೂ ಜಗ್ಗಲಿಲ್ಲ. ಬಾಯಿ ತುಸು ತೆರೆದಿತ್ತು.

ಚೆಂಡೊಂದು ಉರುಳಿ ಅವರ ಕಾಲಿನ ಹತ್ತಿರ ನಿಂತಿತು. ಹಿಂದೆಯೇ ಓಡಿಬಂದ ಹುಡುಗನಿಗೆ ಬಾಯ ಮೇಲೆ ಬೆರಳಿಟ್ಟು ತೋರಿಸಿದೆ.

‘ಅಜ್ಜಂಗೆ ಹುಷಾರಿಲ್ವಾ ಆಂಟಿ?’

‘ಚೆನ್ನಾಗಿದಾರೆ ಮರಿ. ನೈಟ್ ಶಿಫ್ಟು.’

ಅವನು ತುದಿಗಾಲಲ್ಲಿ ಬಂದು ಚೆಂಡು ಎತ್ತಿಕೊಂಡು, ಉಳಿದವರಿಗೆ ಕೈ ಮಾಡಿ ಆಚೆ ಕರೆದುಕೊಂಡು ಹೋದ. ಮೂರರ ಬಸ್ಸು ಹೋಯಿತು. ಎಬ್ಬಿಸಲಿಲ್ಲ.