ಹೊಳೆಯುವ ಕುರ್ಚಿಗಿಂತ ಮೊದಲು

ನಮ್ಮ ಕಾನಹೊಸಹಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ಹಿಂದೆ ಹಲ್ಲುನೋವಿಗೆ ಲವಂಗವೇ ಮೊದಲ ಮದ್ದು. ಅದಕ್ಕೂ ಬಗ್ಗದಿದ್ದರೆ ಬಸ್ಸು ಹತ್ತಿ ಕೂಡ್ಲಿಗಿಗೋ ದಾವಣಗೆರೆಗೋ ಹೋಗಬೇಕಿತ್ತು. ಆದ್ದರಿಂದ ದಂತವೈದ್ಯನಾದ ಹಳೆಯ ವಿದ್ಯಾರ್ಥಿಯೊಬ್ಬ ಊರಲ್ಲೇ ಚಿಕಿತ್ಸಾಲಯ ತೆರೆಯುವೆನೆಂದಾಗ ನನಗೆ ಬಹಳ ಸಂತೋಷವಾಯಿತು.

"ಸಾಲ ತೆಗೆಯುತ್ತಿದ್ದೇನೆ ಸರ್. ಜನ ಕುರ್ಚಿ ನೋಡಿಯೇ ಬರುತ್ತಾರಲ್ಲವೇ?" ಎಂದ.

"ಕುರ್ಚಿ ಸಾದಾ ಇರಲಿ, ಆಟೋಕ್ಲೇವ್ ಒಳ್ಳೆಯದು ತರಪ್ಪಾ" ಎಂದೆ.

ಎಂಟನೆಯ ತರಗತಿಯಲ್ಲಿ ಕುಕ್ಕರಿನ ಪಾಠ ಕೇಳಿದವರಿಗೆ ಇದರ ತತ್ವ ನೆನಪಿರಬಹುದು. ಒತ್ತಡ ಏರಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. 121 ಡಿಗ್ರಿ ಸೆಲ್ಸಿಯಸ್ಸಿನ ಉಗಿಯಲ್ಲಿ ಉಪಕರಣಗಳನ್ನು ನಿಗದಿತ ಅವಧಿ ಇಟ್ಟರೆ, ಕುದಿನೀರಿಗೂ ಜಗ್ಗದ ಬ್ಯಾಕ್ಟೀರಿಯಾ ಬೀಜಾಣುಗಳು ನಾಶವಾಗುತ್ತವೆ. ಹೆಪಟೈಟಿಸ್ ಬಿ ರಕ್ತದ ಮೂಲಕ ಹರಡುವ ರೋಗ. ನಿಮಿಷಕ್ಕೆ ಮೂರು ಲಕ್ಷ ಸುತ್ತು ತಿರುಗುವ ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನ ಒಳಗೂ ಎಂಜಲು, ರಕ್ತ ಸೇರಬಹುದು. ಹೊರಗೆ ಸ್ಪಿರಿಟ್ಟಿನಿಂದ ಒರೆಸಿದರೆ ಅದು ಹೋಗದು. ಹೀಗಾಗಿ ಒಂದು ಉಗಿಯಲ್ಲಿರುವಾಗ ಬಳಸಲು ಇನ್ನೆರಡಾದರೂ ಬೇಕು. ಕರೆಂಟು ಹೋದಾಗ ನಡೆಸಲು ಜನರೇಟರೂ ಬೇಕು.

ಡಿಜಿಟಲ್ ಎಕ್ಸ್‌-ರೇ ಆಮೇಲೆ ಬರಲಿ. ಅದರಲ್ಲಿ ವಿಕಿರಣ ಕಡಿಮೆ, ಫಿಲ್ಮು ತೊಳೆಯುವ ಕತ್ತಲೆ ಕೋಣೆಯೂ ಬೇಡ. ಆದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಲೇಬೇಕು.

ಒಂದು ದಿನದ ಕೂಲಿ ಬಿಟ್ಟು ಬಂದು ಬಾಯಿ ತೆರೆದು ಕೂತವರು ಉಪಕರಣ ಶುದ್ಧವೇ ಎಂದು ಪರೀಕ್ಷಿಸಲಾರರು. ಅವರ ಪರವಾಗಿ ಅದನ್ನು ನೋಡಬೇಕಾದವನು ವೈದ್ಯನೇ. ಯಾವ ವೃತ್ತಿಯಲ್ಲಿದ್ದರೂ, ಮಕ್ಕಳೇ, ಸಾಲದ ಹಣದ ಮೊದಲ ಪಾಲು ಕಣ್ಣಿಗೆ ಕಾಣದ ಇಂಥ ಕೆಲಸಕ್ಕೇ ಸಲ್ಲಲಿ.