ನಡುವೆ ಬಂದವರ ಲೆಕ್ಕ

ನೋಯ್ಡಾದಲ್ಲಿ ಮೇ ತಿಂಗಳು ಇನ್ವರ್ಟರ್ ಮಾಡುವವರಿಗೆ ಸುಗ್ಗಿ. ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ಕರೆಂಟ್ ಹೋಗುತ್ತದೆ, ಫ್ಯಾನು ಬ್ಯಾಟರಿಯನ್ನೇ ನಂಬಿ ತಿರುಗುತ್ತದೆ. ಅಂಥದೊಂದು ಇನ್ವರ್ಟರಿಗೆ ಪ್ರೋಗ್ರಾಂ ಬರೆಯುತ್ತಿದ್ದ ಹುಬ್ಬಳ್ಳಿಯ ಹುಡುಗಿ ಟೆಸ್ಟ್ ಬೆಂಚಿನ ಮುಂದೆ ಕಂಗೆಟ್ಟು ಕೂತಿದ್ದಳು. 80 ಪರ್ಸೆಂಟ್ ಇದ್ದ ಬ್ಯಾಟರಿ ಗಂಟೆಗೆ ಒಂದೆರಡು ಸಲ ಇದ್ದಕ್ಕಿದ್ದಂತೆ 3 ಎಂದು ತೋರಿಸುತ್ತಿತ್ತು. ಯಂತ್ರ ಅದನ್ನು ನಂಬಿ ಕರೆಂಟ್ ಕಡಿದುಬಿಡುತ್ತಿತ್ತು. ಸೆನ್ಸರ್ ಬದಲಿಸಿದಳು, ವೈರು ಬದಲಿಸಿದಳು. ಹತ್ತು ದಿನ ಹೋಯಿತು.

ಚಿಪ್ಪು ಕಾರ್ಟೆಕ್ಸ್-ಎಂ4. ಔಟ್‌ಪುಟ್ ಅಲೆಯನ್ನು ತಿದ್ದಲು 50 ಮೈಕ್ರೋಸೆಕೆಂಡಿಗೊಮ್ಮೆ ಇಂಟರಪ್ಟ್ ಬರುತ್ತದೆ. ನಡೆಯುತ್ತಿದ್ದ ಕೆಲಸ ನಿಲ್ಲುತ್ತದೆ, ಹ್ಯಾಂಡ್ಲರ್ ಓಡುತ್ತದೆ, ಆಮೇಲೆ ಹಳೆಯ ಕೆಲಸ ನಿಂತಲ್ಲಿಂದಲೇ ಮುಂದುವರಿಯಬೇಕು. ಅದಕ್ಕೆ ಅರ್ಧಕ್ಕೆ ನಿಂತ ಲೆಕ್ಕದ ಸಂಖ್ಯೆಗಳನ್ನು ಸ್ಟ್ಯಾಕಿನಲ್ಲಿ ಎತ್ತಿಡಬೇಕು. ಪೂರ್ಣಾಂಕಗಳಷ್ಟೇ ಆದರೆ 32 ಬೈಟ್ ಸಾಕು. ಫ್ಲೋಟ್ ರಿಜಿಸ್ಟರುಗಳೂ ಸೇರಿದರೆ 104. ಆದ್ದರಿಂದ ಚಿಪ್ಪು ಜಾಗವನ್ನಷ್ಟೇ ಕಾದಿರಿಸಿ, ಹ್ಯಾಂಡ್ಲರ್ ನಿಜಕ್ಕೂ ಫ್ಲೋಟ್ ಮುಟ್ಟಿದಾಗ ಮಾತ್ರ ಬರೆದಿಡುತ್ತದೆ. ಇದರ ಹೆಸರೇ ಲೇಜಿ ಸ್ಟ್ಯಾಕಿಂಗ್. ಸೋಮಾರಿತನಕ್ಕೆ ಇಷ್ಟು ಮರ್ಯಾದೆ ಬೇರೆಲ್ಲೂ ಸಿಗದು.

ಅವರ ಪ್ರೋಗ್ರಾಮಿನಲ್ಲಿ ಈ ಎತ್ತಿಡುವ ವ್ಯವಸ್ಥೆಯನ್ನೇ ಆಫ್ ಮಾಡಲಾಗಿತ್ತು.

"ಸರ್, ಈ ಬಿಟ್ ಯಾಕ ಸೊನ್ನಿ ಮಾಡೀರಿ?"

"ಆಗ ಇಂಟರಪ್ಟ್ ಒಳಗೆ ಫ್ಲೋಟೇ ಇರಲಿಲ್ಲ ಕಣಮ್ಮ. ಟೈಮ್ ಉಳೀಲಿ ಅಂತ," ಎಂದರು ಮಂಡ್ಯದ ಸೀನಿಯರು.

ಫ್ಲೋಟ್ ಬಳಸುತ್ತಿದ್ದದ್ದು ಬ್ಯಾಟರಿ ಲೆಕ್ಕ ಹಾಕುವ ಟಾಸ್ಕ್ ಒಂದೇ, ಅದೂ ನಿಮಿಷಕ್ಕೊಮ್ಮೆ. ಎರಡು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಕಳೆದ ತಿಂಗಳು ಹ್ಯಾಂಡ್ಲರಿನಲ್ಲಿ ಒಂದು ಸಾಲು ಫ್ಲೋಟ್ ಗುಣಾಕಾರ ಸೇರಿಸಿದ್ದವಳು ಅವಳೇ. ಬ್ಯಾಟರಿ ಲೆಕ್ಕದ ಮಧ್ಯದಲ್ಲೇ ಇಂಟರಪ್ಟ್ ಬಿದ್ದಾಗ ಆ ಸಾಲು ಟಾಸ್ಕಿನ ರಿಜಿಸ್ಟರುಗಳ ಮೇಲೆ ತನ್ನ ಸಂಖ್ಯೆ ಬರೆದು ಹೋಗುತ್ತಿತ್ತು. ಹಾರ್ಡ್‌ವೇರ್ ಉಳಿಸಿರುತ್ತದೆ ಎಂದು ಕಂಪೈಲರ್ ನಂಬಿತ್ತು. ಸಾಲದ್ದಕ್ಕೆ 0.98 ಎಂದು ಬರೆದು ಕೊನೆಗೆ ಎಫ್ ಹಾಕುವುದನ್ನು ಮರೆತಿದ್ದಳು. ಅದು ಡಬಲ್ ಆಗಿ, ಡಬಲ್ ಗೊತ್ತಿಲ್ಲದ ಆ ಚಿಪ್ಪು ಸಾಫ್ಟ್‌ವೇರಿನಲ್ಲಿ ಏದುಸಿರು ಬಿಡುತ್ತ ಗುಣಿಸುತ್ತಿತ್ತು.

ಬಿಟ್ ಆನ್ ಮಾಡಿದರೆ ಸಾಕೆಂದರು ಸೀನಿಯರು. ತಪ್ಪೇನಲ್ಲ, ಫ್ಲೋಟ್ ಪಾಪವೂ ಅಲ್ಲ. ಅವಳು ಆನ್ ಮಾಡಿದಳು, ಆ ಟಾಸ್ಕಿನ ಸ್ಟ್ಯಾಕ್ ದೊಡ್ಡದು ಮಾಡಿದಳು. ಆದರೂ ಗುಣಾಂಕವನ್ನು ಟಾಸ್ಕಿನಲ್ಲೇ 32768ರಿಂದ ಗುಣಿಸಿ ಪೂರ್ಣಾಂಕವಾಗಿಸಿ, ಹ್ಯಾಂಡ್ಲರಿಗೆ ಒಂದು ಗುಣಾಕಾರ, 15 ಬಿಟ್ ಶಿಫ್ಟ್ ಮಾತ್ರ ಉಳಿಸಿದಳು. ಬೆಂಚು ಮೂರು ಹಗಲು ಮೂರು ರಾತ್ರಿ ಓಡಿತು. ನಾಲ್ಕನೆಯ ಬೆಳಿಗ್ಗೆ ಕಟ್ಟಡದ ಕರೆಂಟೇ ಹೋಯಿತು. ಬೆಂಚಿನ ಫ್ಯಾನು ತಿರುಗುತ್ತಲೇ ಇತ್ತು.