ಘಾಟಿಯಲ್ಲಿ ಹಂಚಿಹೋಗುವ ಭಾರ

ಮುಂಬಯಿ–ಪುಣೆ ಓಡಾಡುವ ನಮಗೆ ಕರ್ಜತ್ ಎಂದರೆ ಬಟಾಟೆ ವಡೆ. ಅದನ್ನು ತಿನ್ನುವಷ್ಟರಲ್ಲಿ ರೈಲಿನ ಬೆನ್ನಿಗೆ, ಸಾಮಾನ್ಯವಾಗಿ, ನೂಕುವ ಎಂಜಿನು ಬಂದು ಸೇರಿರುತ್ತದೆ. ಏಕೆಂದು ನಾವು ಕೇಳುವುದಿಲ್ಲ. ಹನ್ನೊಂದನೆಯ ಇಯತ್ತೆಯ ನಮ್ಮ ಮಗಳು ಕೇಳಿದಳು. ಮನೆಯಲ್ಲಿ ಅವಳದು ‘ಎಂ ಜಿ ಕಾಸ್ ಥೀಟಾ’ ಎಂಬ ಅಖಂಡ ಜಪ. ಕಾಸ್ ಎಲ್ಲಿ, ಸೈನ್ ಎಲ್ಲಿ ಎಂಬುದೇ ಪರೀಕ್ಷೆಯ ಭಯ. ಬಿ.ಎಸ್‌ಸಿ. ಮುಗಿಸಿ ಸರಕಾರದ ಕಡತ ಹೊರುತ್ತಿರುವ ನಾವು ಕನ್ನಡದಲ್ಲೇ ಲೆಕ್ಕಕ್ಕಿಳಿದೆವು.

1863ರಲ್ಲಿ ತೆರೆದ ಈ ಭೋರ್ ಘಾಟಿನ ಏರು 37ಕ್ಕೆ 1. ಕೋನ ಒಂದೂವರೆ ಡಿಗ್ರಿ ಚಿಲ್ಲರೆ, ಕಣ್ಣಿಗೆ ಸಮತಟ್ಟೇ. ರೈಲಿನ ತೂಕ ಸಾವಿರ ಟನ್ನೆನ್ನೋಣ. ಭಾರ ಎಳೆಯುವುದು ನೆಟ್ಟಗೆ ಕೆಳಕ್ಕೆ, ಹಳಿಯೋ ವಾರೆ. ಆದ್ದರಿಂದ ಅದನ್ನು ಎರಡಾಗಿ ಒಡೆಯಬೇಕು. ಹಳಿಯನ್ನು ಲಂಬವಾಗಿ ಒತ್ತುವ ಪಾಲು ಕೊಸೈನಿನದು: 999 ಟನ್ನಿಗೂ ಮಿಗಿಲು. ಹಳಿ ಅಷ್ಟೇ ಬಲದಿಂದ ತಿರುಗಿ ಒತ್ತುತ್ತದೆ. ಹಳಿಯ ಗುಂಟ ಹಿಂದಕ್ಕೆ ಜಗ್ಗುವ ಪಾಲು ಸೈನಿನದು: 27 ಟನ್ನು. ಒತ್ತಡದಲ್ಲಿ ಅರ್ಧ ಟನ್ನೂ ಕಡಿಮೆಯಾಗಲಿಲ್ಲ, ಜಗ್ಗು ಮಾತ್ರ ಸೊನ್ನೆಯಿಂದ 27ಕ್ಕೇರಿತು ನೋಡಿ! ಹಿಂದಿನ ಎಂಜಿನಿಗೆ ಕೆಲಸ ಕೊಡುವುದು ಇದೇ.

ಇಳಿಯುವಾಗ ಬ್ರೇಕು ಕೈಕೊಟ್ಟರೆ? ಘರ್ಷಣೆಯನ್ನು ಬಿಟ್ಟರೆ ವೇಗೋತ್ಕರ್ಷ 9.8ರ 37ನೆಯ ಒಂದು ಪಾಲು, ಅಂದರೆ ಸೆಕೆಂಡಿಗೆ ಸೆಕೆಂಡಿಗೆ 0.265 ಮೀಟರು. ನಿಂತ ಗಾಡಿಗೆ ಒಂದೇ ನಿಮಿಷದಲ್ಲಿ ಗಂಟೆಗೆ 57 ಕಿಲೋಮೀಟರು ವೇಗ! ತೂಕ ಎಷ್ಟಿದ್ದರೂ ಉತ್ತರ ಇದೇ. ಹತೋಟಿ ತಪ್ಪಿದ ಗಾಡಿಯನ್ನು ಹಿಡಿಯಲೆಂದೇ ಘಾಟಿಯಲ್ಲಿ ಏರುಮುಖದ ಕವಲು ಹಳಿಗಳಿವೆ.

ಮಗಳ ಜಪ ನಿಂತಿದೆ. ಈಗ ಏರು ಸೊನ್ನೆಯಾದರೆ ಯಾವ ಪಾಲು ಉಳಿಯುತ್ತದೆಂದು ನೋಡಿ, ಅದಕ್ಕೆ ಕಾಸ್ ಬರೆಯುತ್ತಾಳೆ.